ಬೆಂಕಿಯಿಲ್ಲದ ಒಲೆಯೊಳಗೆ ಒಂದು ಬ್ಯಾಟರಿ

[ಪರದೆಯಲ್ಲಿ: ಹಸಿರು ಪ್ಲಾಸ್ಟಿಕ್ ಚೀಲ. ಅದಕ್ಕೆ ನೀರು ಬೀಳುತ್ತಿದ್ದಂತೆ ಬಾಯಿಯಿಂದ ಹಬೆ ಏಳುತ್ತದೆ.]

ನಮಸ್ಕಾರ ಸ್ನೇಹಿತರೇ. ಇವತ್ತಿನ ಪ್ರಶ್ನೆ ಹುಟ್ಟಿದ್ದು ಒಂದು ಸಾಮಾನಿನ ಪಟ್ಟಿಯಿಂದ.

ಅಮೆರಿಕದ ಸೈನಿಕರಿಗೆ ಕೊಡುವ ಊಟದ ಪೊಟ್ಟಣದಲ್ಲಿ ಇಂಥ ಒಂದು ಚೀಲ ಬರುತ್ತದೆ. ಊಟದ ಪ್ಯಾಕೆಟ್ಟನ್ನು ಇದರೊಳಗೆ ಇಳಿಸಬೇಕು. ಗೆರೆಯವರೆಗೆ ನೀರು ಹಾಕಬೇಕು. ಬಾಯಿ ಮಡಚಿ ಸುಮ್ನೆ ಇಡಬೇಕು, ಅಷ್ಟೇ. ಬೆಂಕಿ ಇಲ್ಲ, ಗ್ಯಾಸ್ ಇಲ್ಲ, ವೈರ್ ಇಲ್ಲ. ಸುಮಾರು 227 ಗ್ರಾಂ ಊಟ 12 ನಿಮಿಷದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರಬೇಕು ಅನ್ನುವುದು ಸೇನೆ ಇಟ್ಟಿರುವ ಅಳತೆ.

ಒಳಗೆ ಏನಿದೆ ಅಂತ ನೋಡಿದರೆ, ಮುಖ್ಯವಾಗಿ ಮೂರೇ ಸಾಮಾನು. ಮೆಗ್ನೀಸಿಯಂ ಪುಡಿ, ಚೂರು ಕಬ್ಬಿಣ, ಚೂರು ಉಪ್ಪು. ನೀರು ನಮ್ಮದು.

ಒಂದು ನಿಮಿಷ ತಡೆಯಿರಿ. ಎರಡು ಬೇರೆ ಬೇರೆ ಲೋಹ, ನಡುವೆ ಉಪ್ಪುನೀರು. ಇದು ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ ಬ್ಯಾಟರಿ ಅಲ್ವಾ? ಹಾಗಾದರೆ ಇದರ ಕರೆಂಟು ಎಲ್ಲಿ ಹೋಯ್ತು?

ಇದಕ್ಕೆ ಉತ್ತರ ಬೇಕಾದರೆ ಮೊದಲು ರಿಮೋಟ್ ಒಳಗಿನ ಸೆಲ್ಲನ್ನು ಬಿಚ್ಚಿ ನೋಡಬೇಕು. ನೀವು ಬಿಚ್ಚಬೇಡಿ, ಒಳಗಿರುವುದು ಚರ್ಮ ಸುಡುವ ಕ್ಷಾರ. ಚಿತ್ರದಲ್ಲಿ ತೋರಿಸುತ್ತೇನೆ.

[ಪರದೆಯಲ್ಲಿ: ಎರಡು ಸೆಲ್‌ಗಳ ಸೀಳುನೋಟ. ಎಡಕ್ಕೆ ಹಳೇ ಸೆಲ್, ಬಲಕ್ಕೆ ಆಲ್ಕಲೈನ್ ಸೆಲ್.]

ಮೂಲಪಾಠವನ್ನು ಬೇಗ ಮುಗಿಸೋಣ. ಸೆಲ್ಲಿನಲ್ಲಿ ಒಂದು ಕಡೆ ಸತು. ಅದಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವ ಅವಸರ. ಇನ್ನೊಂದು ಕಡೆ ಮ್ಯಾಂಗನೀಸ್ ಡೈಆಕ್ಸೈಡ್. ಅದು ತೆಗೆದುಕೊಳ್ಳಲು ಕಾದು ಕೂತಿದೆ. ನಡುವೆ ಒಂದು ತೆರೆ ಕಟ್ಟಿರುವುದರಿಂದ ಅವೆರಡೂ ನೇರವಾಗಿ ಮುಟ್ಟುವ ಹಾಗಿಲ್ಲ. ಎಲೆಕ್ಟ್ರಾನ್‌ಗಳು ಹೊರಗಿನ ತಂತಿ ಸುತ್ತಿಕೊಂಡೇ ಹೋಗಬೇಕು. ಆ ದಾರಿಯಲ್ಲಿ ನಾವು ಬಲ್ಬು, ಮೋಟರು, ರಿಮೋಟ್ ಕೂರಿಸುತ್ತೇವೆ.

ಎಡಗಡೆ ಇರುವುದು ಹಳೇ ಕಾಲದ ಸತು-ಇಂಗಾಲದ ಸೆಲ್. ಟಾರ್ಚಿಗೆ ಹಾಕುತ್ತಿದ್ದೆವಲ್ಲ, ಅದೇ. ಇದರ ಡಬ್ಬಿಯೇ ಸತು. ಅಂದರೆ ಸೆಲ್ ಕೆಲಸ ಮಾಡಿದಷ್ಟೂ ತನ್ನ ಗೋಡೆಯನ್ನೇ ತಿನ್ನುತ್ತದೆ. ಕೊನೆಗೆ ತೂತಾಗಿ ಸೋರುತ್ತದೆ. ಮೋಟರಿನಂಥ ಜಾಸ್ತಿ ಕರೆಂಟ್ ಎಳೆಯುವ ಸಾಮಾನಿಗೆ ಹಾಕಿದರೆ ಬೇಗ ಸುಸ್ತಾಗುತ್ತದೆ. 1950ರ ದಶಕದ ಅಮೆರಿಕದಲ್ಲಿ ಮೋಟರಿನ ಆಟಿಕೆಗಳು ಮನೆಮನೆಗೆ ಬರುತ್ತಿದ್ದವು. ಸೆಲ್ ಕಂಪನಿಗಳಿಗೆ ಇದು ದೊಡ್ಡ ತಲೆನೋವಾಯಿತು.

ಇಲ್ಲಿಗೆ ಲೂಯಿಸ್ ಅರ್ರಿ ಬರುತ್ತಾರೆ. ಹುಟ್ಟಿದ್ದು 1927ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ 1950ರಲ್ಲಿ ಎವರೆಡಿ ಸೇರಿದರು. 1955ರಲ್ಲಿ ಕಂಪನಿ ಅವರನ್ನು ಒಹಾಯೊ ರಾಜ್ಯದ ಪಾರ್ಮಾದ ಲ್ಯಾಬಿಗೆ ಕಳಿಸಿತು. ಹಳೇ ಸೆಲ್ಲಿನ ಆಯಸ್ಸು ಹೆಚ್ಚಿಸಬೇಕು ಅನ್ನುವುದೇ ಅವರಿಗೆ ವಹಿಸಿದ ಕೆಲಸ.

ಅವರು ಹಳೇ ಸೆಲ್ಲಿಗೆ ತೇಪೆ ಹಾಕುತ್ತಾ ಕೂರಲಿಲ್ಲ. ಹೊಸದನ್ನೇ ಕಟ್ಟುವುದು ವಾಸಿ ಅಂತ ನಿರ್ಧರಿಸಿದರು. ಹಳೇ ಸೆಲ್ಲಿನೊಳಗಿನ ಅಮೋನಿಯಂ ಕ್ಲೋರೈಡ್ ದ್ರಾವಣ ಬಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರಕ್ಕೆ ಕೈ ಹಾಕಿದರು. ಕ್ಷಾರಕ್ಕೆ ಇಂಗ್ಲಿಷಿನಲ್ಲಿ ಆಲ್ಕಲಿ, 'ಆಲ್ಕಲೈನ್' ಸೆಲ್ ಅನ್ನುವ ಹೆಸರು ಅದರಿಂದಲೇ. ಕ್ಷಾರದ ಬ್ಯಾಟರಿ ಅಂದರೆ ಅಷ್ಟೊತ್ತಿಗೆ ಹೊಸದೇನಲ್ಲ. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲೇ ನಿಕ್ಕಲ್-ಕ್ಯಾಡ್ಮಿಯಂ ಮಾಡಿದ್ದರು. ಎಡಿಸನ್ ನಿಕ್ಕಲ್-ಕಬ್ಬಿಣದ್ದು ಮಾಡಿದ್ದರು. ಆದರೆ ಅಂಗಡಿಯಲ್ಲಿ ಕೊಂಡು, ಖಾಲಿಯಾದ ಮೇಲೆ ಎಸೆಯುವಷ್ಟು ಅಗ್ಗದ ಸೆಲ್ ಬೇಕಿತ್ತು.

ಸತು, ಮ್ಯಾಂಗನೀಸ್ ಡೈಆಕ್ಸೈಡ್, ಕ್ಷಾರ. ಮೂರೂ ಚೆನ್ನಾಗಿ ಹೊಂದಿಕೊಂಡವು. ಆದರೆ ಕರೆಂಟಿಗೆ ಜೋರಿರಲಿಲ್ಲ. ಯಾಕೆ? ಗಟ್ಟಿ ಸತುವಿನ ಹೊರಮೈ ಮಾತ್ರ ದ್ರವಕ್ಕೆ ತಾಗುತ್ತದೆ. ಒಳಗಿನ ಸತು ಸುಮ್ನೆ ಕೂತಿರುತ್ತದೆ.

ಅರ್ರಿ ಸತುವನ್ನು ಪುಡಿ ಮಾಡಿದರು.

ಹೌದು, ಅಷ್ಟೇ. ಆದರೆ ಆ ಪುಡಿಯ ಲೆಕ್ಕ ನೋಡಿ. ಒಂದು ಸೆಂಟಿಮೀಟರಿನ ಸತುವಿನ ಘನಕ್ಕೆ 6 ಚದರ ಸೆಂಟಿಮೀಟರ್ ಹೊರಮೈ. ಅದನ್ನೇ 0.1 ಮಿಲಿಮೀಟರಿನ ಚೂರುಗಳಾಗಿ ಕತ್ತರಿಸಿದರೆ ಹತ್ತು ಲಕ್ಷ ಚೂರು. ಒಟ್ಟು ಹೊರಮೈ 600 ಚದರ ಸೆಂಟಿಮೀಟರ್. ಸತು ಒಂದು ಗ್ರಾಮೂ ಹೆಚ್ಚಾಗಲಿಲ್ಲ, ತಾಗುವ ಜಾಗ ಮಾತ್ರ ನೂರು ಪಟ್ಟಾಯಿತು. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಹೆಜ್ಜೆ ಇದು. ಈ ಪುಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಮೇಲಿನವರನ್ನು ಒಪ್ಪಿಸಲು ಅರ್ರಿ ವರದಿ ಹಿಡಿದು ಹೋಗಲಿಲ್ಲ. ಎರಡು ಆಟಿಕೆ ಕಾರು ತಂದರು. ಒಂದಕ್ಕೆ ಹಳೇ ಸೆಲ್, ಇನ್ನೊಂದಕ್ಕೆ ತಮ್ಮ ಕೈಯಾರೆ ಮಾಡಿದ ಸೆಲ್. ಕಂಪನಿಯ ಕ್ಯಾಂಟೀನಿನ ನೆಲದ ಮೇಲೆ ಎರಡನ್ನೂ ಬಿಟ್ಟರು. ಹಳೇ ಸೆಲ್ಲಿನ ಕಾರು ಸ್ವಲ್ಪ ದೂರ ಹೋಗಿ ಏದುಸಿರು ಬಿಟ್ಟಿತು. ಇನ್ನೊಂದು ಈ ಗೋಡೆಯಿಂದ ಆ ಗೋಡೆಗೆ ಓಡುತ್ತಲೇ ಇತ್ತು. 1957ರಲ್ಲಿ ಕಾರ್ಲ್ ಕೊರ್ಡೆಶ್ ಮತ್ತು ಪಿ. ಎ. ಮಾರ್ಸಲ್ ಜೊತೆ ಸೇರಿ ಪೇಟೆಂಟಿಗೆ ಅರ್ಜಿ ಹಾಕಿದರು. 1959ರಲ್ಲಿ ಸೆಲ್ ತಯಾರಿಕೆ ಶುರುವಾಯಿತು, 1960ರಲ್ಲಿ ಪೇಟೆಂಟ್ ಸಿಕ್ಕಿತು. ಅರ್ರಿ 2004ರಲ್ಲಿ ತೀರಿಕೊಂಡರು. ಅವರ ಆ ಮೊದಲ ಮಾದರಿ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ.

[ಪರದೆಯಲ್ಲಿ: ಮೇಜಿನ ಮೇಲೆ ಎರಡು ಎಎ ಸೆಲ್. ನಿಧಾನಗತಿಯ ದೃಶ್ಯ.]

ಈಗ ನಿಮ್ಮ ಮನೆಯಲ್ಲೇ ನೋಡಬಹುದಾದ ಒಂದು ಸಂಗತಿ. ಹೊಸ ಆಲ್ಕಲೈನ್ ಸೆಲ್ಲನ್ನು ನೆಟ್ಟಗೆ, ಚಪ್ಪಟೆ ತುದಿ ಕೆಳಗೆ ಮಾಡಿ ಹಿಡಿಯಿರಿ. ಗಟ್ಟಿ ಮೇಜಿನಿಂದ ಎರಡು ಬೆರಳಷ್ಟು ಎತ್ತರದಿಂದ ಬಿಡಿ. 'ಟಪ್' ಅಂತ ಬಿದ್ದು ಅಲ್ಲೇ ಕೂರುತ್ತದೆ. ಬಳಸಿದ ಸೆಲ್ಲನ್ನು ಬಿಡಿ. ಅದು ಪುಟಿಯುತ್ತದೆ!

ಕಾರಣ ಆ ಪುಡಿಯೇ. ಹೊಸ ಸೆಲ್ಲಿನಲ್ಲಿ ಸತುವಿನ ಕಣಗಳು ಜೆಲ್ ಒಳಗೆ ಬಿಡಿಬಿಡಿಯಾಗಿ ಇರುತ್ತವೆ. ಬಿದ್ದಾಗ ಕಣಗಳು ಜರುಗಿ ಪೆಟ್ಟನ್ನು ನುಂಗುತ್ತವೆ. ಸೆಲ್ ಬಳಸಿದಂತೆ ಸತು ಸತುವಿನ ಆಕ್ಸೈಡ್ ಆಗುತ್ತದೆ. ಅದು ಕಣದಿಂದ ಕಣಕ್ಕೆ ಬೆಸೆದುಕೊಂಡು ಒಳಗೆಲ್ಲ ಗಟ್ಟಿಯಾಗುತ್ತದೆ. ಪೆಟ್ಟು ನುಂಗುವವರು ಯಾರೂ ಇಲ್ಲ, ಸೆಲ್ ಹಾರುತ್ತದೆ.

ಪುಟಿದರೆ ಸೆಲ್ ಸತ್ತಿದೆ ಅಂತ ತುಂಬಾ ಜನ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ಅಳೆದು ನೋಡಿದರು. ಸೆಲ್ಲಿನಲ್ಲಿ ಇನ್ನೂ ಅರ್ಧದಷ್ಟು ಚಾರ್ಜ್ ಇರುವಾಗಲೇ ಪುಟಿತ ತನ್ನ ಗರಿಷ್ಠಕ್ಕೆ ಮುಟ್ಟಿಬಿಡುತ್ತದೆ. ಆಮೇಲೆ ಹೆಚ್ಚಾಗುವುದಿಲ್ಲ. ಅಂದರೆ ಪುಟಿಯುವ ಸೆಲ್ 'ಹೊಸದಲ್ಲ' ಅಂತ ಮಾತ್ರ ಹೇಳುತ್ತದೆ. ಅದನ್ನು ಕಸಕ್ಕೆ ಹಾಕುವ ಮೊದಲು ಗೋಡೆ ಗಡಿಯಾರಕ್ಕೆ ಹಾಕಿ ನೋಡಿ. ಗಡಿಯಾರ ಎಳೆಯುವ ಕರೆಂಟು ತುಂಬಾ ಕಮ್ಮಿ, ಇನ್ನೂ ಎಷ್ಟೋ ದಿನ ನಡೆಯುತ್ತದೆ. ಹಾಗೆಯೇ, ಗಡಿಯಾರಕ್ಕೆ ಅಗ್ಗದ ಹಳೇ ಮಾದರಿಯ ಸೆಲ್ ಧಾರಾಳ ಸಾಕು. ಆಲ್ಕಲೈನಿಗೆ ಜಾಸ್ತಿ ದುಡ್ಡು ಕೊಡಬೇಕಾದ್ದು ಆಟಿಕೆಗೆ, ಕ್ಯಾಮೆರಾ ಫ್ಲ್ಯಾಷಿಗೆ.

ಸರಿ, ಹಸಿರು ಚೀಲಕ್ಕೆ ವಾಪಸ್ ಬರೋಣ. ಕರೆಂಟು ಎಲ್ಲಿ ಹೋಯ್ತು?

ಜೋಗಕ್ಕೆ ಹೋಗಿದ್ದೀರಲ್ಲ? ಶರಾವತಿ ಅಲ್ಲಿ 253 ಮೀಟರ್ ಕೆಳಗೆ ಬೀಳುತ್ತಾಳೆ. ಅದೇ ನದಿಯ ನೀರನ್ನು ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸಿದರೆ ಊರಿಗೆ ದೀಪ. ಸುಮ್ನೆ ಬಂಡೆಯ ಮೇಲೆ ಬೀಳಲು ಬಿಟ್ಟರೆ? ಆ ಶಕ್ತಿ ಮಾಯವಾಗುವುದಿಲ್ಲ. ಸದ್ದಾಗಿ, ಸುಳಿಯಾಗಿ, ಕೊನೆಗೆ ಶಾಖವಾಗುತ್ತದೆ. ಅದೆಲ್ಲ ನೀರಿನಲ್ಲೇ ಉಳಿದರೆ ಲೆಕ್ಕದ ಪ್ರಕಾರ ಕೆಳಗಿನ ನೀರು ಮೇಲಿನದಕ್ಕಿಂತ 0.6 ಡಿಗ್ರಿಯಷ್ಟು ಬೆಚ್ಚಗಿರಬೇಕು. ಅಷ್ಟು ಎತ್ತರದಿಂದ ಬಿದ್ದರೂ ಒಂದು ಡಿಗ್ರಿ ಸಹ ಇಲ್ಲ! ನೀರಿನ ಮೈ ಅಷ್ಟು ಗಟ್ಟಿ, ಬಿಸಿಯಾಗಲು ಒಪ್ಪುವುದೇ ಇಲ್ಲ. ನಮ್ಮ ಚೀಲ ಊಟವನ್ನು 56 ಡಿಗ್ರಿ ಏರಿಸುತ್ತದೆ ಅಂದೆನಲ್ಲ, ಅದು ಎಷ್ಟು ದೊಡ್ಡ ಕೆಲಸ ಅಂತ ಈಗ ಯೋಚಿಸಿ.

ಸೆಲ್ ಅಂದರೆ ಕೊಳವೆ ಮತ್ತು ಟರ್ಬೈನ್. ಹಸಿರು ಚೀಲ ಅಂದರೆ ನೇರವಾಗಿ ಬೀಳುವ ಜಲಪಾತ. ಅಲ್ಲಿ ಎಲೆಕ್ಟ್ರಾನಿಗೆ ಹೊರದಾರಿಯೇ ಇಲ್ಲ. ಮೆಗ್ನೀಸಿಯಂ ಕಣಕ್ಕೆ ಕಬ್ಬಿಣದ ಚೂರು ಅಂಟಿಕೊಂಡೇ ಇದೆ. ಮೆಗ್ನೀಸಿಯಂ ಬಿಟ್ಟ ಎಲೆಕ್ಟ್ರಾನ್ ಪಕ್ಕದ ಕಬ್ಬಿಣಕ್ಕೆ ಹಾರುತ್ತದೆ. ಅಲ್ಲಿ ನೀರು ಅದನ್ನು ಹಿಡಿದುಕೊಂಡು ಹೈಡ್ರೋಜನ್ ಬಿಡುತ್ತದೆ. ಪ್ರತಿಯೊಂದು ಕಣವೂ ಹುಟ್ಟುತ್ತಲೇ ಶಾರ್ಟ್ ಸರ್ಕ್ಯೂಟ್ ಆದ ಪುಟಾಣಿ ಬ್ಯಾಟರಿ. ಕರೆಂಟು ಹರಿಯುತ್ತದೆ, ಆದರೆ ಒಳಗೊಳಗೇ. ಎಲ್ಲವೂ ಶಾಖ.

ಇದು ನನ್ನ ಕಲ್ಪನೆಯಲ್ಲ. ಈ ಮಿಶ್ರಲೋಹವನ್ನು ರೂಪಿಸಿದವರು ಅಮೆರಿಕ ನೌಕಾಪಡೆಯ ಎಂಜಿನಿಯರ್‌ಗಳು. ಸಮುದ್ರದ ನೀರು ತಾಗಿದೊಡನೆ ಬಿಸಿ ಮತ್ತು ಅನಿಲ ಕೊಡುವ ವಸ್ತು ಅವರಿಗೆ ಬೇಕಿತ್ತು. ಅವರಿಗೆ 1981ರಲ್ಲಿ ಸಿಕ್ಕ ಪೇಟೆಂಟಿನ ಹೆಸರಿನಲ್ಲೇ 'ಗ್ಯಾಲ್ವಾನಿಕ್ ಸೆಲ್', ಅಂದರೆ ಬ್ಯಾಟರಿಯ ಸೆಲ್, ಅನ್ನುವ ಮಾತಿದೆ. ಮೆಗ್ನೀಸಿಯಂ ಪುಡಿ, ಕಬ್ಬಿಣದ ಪುಡಿ ಎರಡನ್ನೂ ಉಕ್ಕಿನ ಗುಂಡುಗಳ ಗಿರಣಿಗೆ ಹಾಕಿ, ಒಂದರೊಳಗೊಂದು ಬೆಸೆಯುವ ಹಾಗೆ ಅರೆದರು. ಮತ್ತೆ ಅದೇ ಪುಡಿಯ ಉಪಾಯ! 1990ರ ದಶಕದ ಆರಂಭದ ಹೊತ್ತಿಗೆ ಇದು ಸೈನಿಕರ ಊಟದ ಪೊಟ್ಟಣ ಸೇರಿತು.

ಈಗ ನನ್ನನ್ನು ನಿಜಕ್ಕೂ ಬೆರಗಾಗಿಸಿದ ವಿಷಯ. ಸೆಲ್ ಮಾಡುವವರಿಗೆ ಕಬ್ಬಿಣ ಅಂದರೆ ಆಗುವುದಿಲ್ಲ. ಸತುವಿನ ಪುಡಿಯಲ್ಲಿ ಕಬ್ಬಿಣದ ಸುಳಿವಿದ್ದರೂ ಸಾಕು, ಬಳಸದೇ ಇಟ್ಟ ಸೆಲ್ ಒಳಗೇ ಹೈಡ್ರೋಜನ್ ಹುಟ್ಟುತ್ತದೆ. ಒತ್ತಡ ಏರುತ್ತದೆ. ಸೀಲ್ ಬಿಟ್ಟುಕೊಳ್ಳುತ್ತದೆ, ಕ್ಷಾರ ಸೋರುತ್ತದೆ. ರಿಮೋಟಿನ ಸ್ಪ್ರಿಂಗಿನ ಮೇಲೆ ಬಿಳೀ ಪುಡಿ ಕಂಡಿದೆಯಲ್ಲ, ಅದು ಸೋರಿದ ಕ್ಷಾರ ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಆದ ಪೊಟ್ಯಾಸಿಯಂ ಕಾರ್ಬೊನೇಟ್. ಈ ಅನಿಲವನ್ನು ತಡೆಯಲು ಮೊದಲೆಲ್ಲ ಸತುವಿಗೆ ಪಾದರಸ ಬೆರೆಸುತ್ತಿದ್ದರು. ವಿಷ ಅಂತ ಅಮೆರಿಕ 1996ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಿತು.

ಒಲೆ ಮಾಡುವವರು? ಅದೇ ಕಬ್ಬಿಣವನ್ನು ಬೇಕಂತಲೇ ಬೆರೆಸುತ್ತಾರೆ. ಸೆಲ್‌ನವರ ಶತ್ರು ಒಲೆಯವರ ಅಡುಗೆಭಟ್ಟ.

ಶಕ್ತಿಯ ಲೆಕ್ಕ ಒಂದನ್ನು ಹೇಳದೇ ಬಿಡಲಾರೆ. ಒಂದು ಗ್ರಾಂ ಮೆಗ್ನೀಸಿಯಂ ನೀರಿನ ಜೊತೆ ಪೂರ್ತಿ ಸೇರಿದರೆ 14 ಸಾವಿರ ಜೂಲಿಗಿಂತ ಜಾಸ್ತಿ ಶಾಖ. ಒಂದು ಇಡೀ ಎಎ ಆಲ್ಕಲೈನ್ ಸೆಲ್ ಕೊಡುವುದು ಹೆಚ್ಚುಕಮ್ಮಿ 10 ಸಾವಿರ ಜೂಲ್. ಆ ಒಂದು ಊಟ ಬಿಸಿಯಾಗಲು ಸುಮಾರು 53 ಸಾವಿರ ಜೂಲ್ ಬೇಕು. ಅಂದರೆ ಐದಾರು ಸೆಲ್, ಇಲ್ಲವೇ ಕಾಗದದ ಮೇಲೆ ನಾಲ್ಕು ಗ್ರಾಂ ಮೆಗ್ನೀಸಿಯಂ. ಶಾಖ ಪೋಲಾಗುವುದರಿಂದ ಚೀಲದಲ್ಲಿ ಜಾಸ್ತಿಯೇ ಇಟ್ಟಿರುತ್ತಾರೆ.

ಎಚ್ಚರಿಕೆ: ಹೊರಬರುವುದು ಹೈಡ್ರೋಜನ್. ಮುಚ್ಚಿದ ಕೋಣೆಯಲ್ಲಿ, ಬೆಂಕಿಯ ಹತ್ತಿರ ಇದನ್ನು ಬಳಸಬಾರದು. ಚೀಲವನ್ನು ಓರೆಯಾಗಿ ಒರಗಿಸಿ ಇಡಬೇಕು. ಯಾವುದಕ್ಕೆ ಒರಗಿಸಬೇಕು ಅಂತ ಚೀಲದ ಮೇಲಿನ ಚಿತ್ರದಲ್ಲಿ ಅಧಿಕೃತವಾಗಿ ಬರೆದಿದೆ: 'ಕಲ್ಲು ಅಥವಾ ಏನಾದರೂ'. ಸೇನೆಯ ಸೂಚನೆಗಳಲ್ಲಿ ನನಗೆ ಇಷ್ಟು ಪ್ರೀತಿ ಹುಟ್ಟಿಸಿದ ಸಾಲು ಇನ್ನೊಂದಿಲ್ಲ.

ಟೈಮ್ ಮುಗಿಯುತ್ತಾ ಬಂತು, ಬೆಂಕಿಯಿಲ್ಲದೆ ಬಿಸಿ ಕೊಡುವ ಇನ್ನೆರಡು ಸಾಮಾನುಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

[ಪರದೆಯಲ್ಲಿ: ಚಳಿಯ ಚಾರಣದಲ್ಲಿ ಕೈ ಬೆಚ್ಚಗೆ ಮಾಡುವ ಪೊಟ್ಟಣ. ಪಕ್ಕದಲ್ಲಿ ಲೋಹದ ಪುಟ್ಟ ಡಬ್ಬಿ.]

ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋದವರು ಕೈಗೆ ಹಿಡಿದ ಪೊಟ್ಟಣ ಗೊತ್ತಲ್ಲ? ಅದರಲ್ಲಿ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ನೀರು. ಗಾಳಿ ತಾಗಿದರೆ ಕಬ್ಬಿಣ ಗಡಿಬಿಡಿಯಲ್ಲಿ ತುಕ್ಕು ಹಿಡಿಯುತ್ತದೆ. ಇಲ್ಲಿಯೂ ಎಲೆಕ್ಟ್ರಾನ್ ಕೊಡುವುದು-ಕೊಳ್ಳುವುದೇ, ಇಲ್ಲಿಯೂ ಪುಡಿಯೇ. ಆದರೆ ಕೈ ಬೆಚ್ಚಗಿಡುವ ಆ ಲೋಹದ ಡಬ್ಬಿ ಬೇರೆ ವಂಶದ್ದು. 1923ರಲ್ಲಿ ಜಪಾನಿನ ನಿಇಚಿ ಮಾತೋಬಾ ಮಾಡಿದ್ದು. ಹಗುರ ಪೆಟ್ರೋಲಿನ ಆವಿ ಪ್ಲಾಟಿನಂ ಮೇಲೆ ಹಾಯುವಾಗ ಜ್ವಾಲೆಯಿಲ್ಲದೆ ನಿಧಾನಕ್ಕೆ ಉರಿಯುತ್ತದೆ. ಪ್ಲಾಟಿನಂ ತಂತಿ ಹೀಗೆ ಜ್ವಾಲೆಯಿಲ್ಲದೆ ಕೆಂಪಾಗುವುದನ್ನು ಹಂಫ್ರಿ ಡೇವಿ 1817ರಲ್ಲೇ ನೋಡಿದ್ದರು. ಇದು ಬ್ಯಾಟರಿ ಅಲ್ಲ, ಹಾಗಾಗಿ ಇವತ್ತಿಗೆ ಇಷ್ಟು ಸಾಕು.

ಕೈಯ ಪೊಟ್ಟಣವನ್ನು ಅರ್ಧದಲ್ಲಿ ನಿಲ್ಲಿಸಬೇಕೇ? ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ. ಆಮ್ಲಜನಕ ಸಿಗದೆ ಸುಮ್ಮನಾಗುತ್ತದೆ. ಮನೆಯಲ್ಲಿ ಅಜ್ಜ-ಅಜ್ಜಿಯರ ಕಿವಿಯ ಮಿಷನ್ನಿಗೆ ಹಾಕುವ ಪುಟ್ಟ ಸೆಲ್ ನಡೆಯುವುದೂ ಗಾಳಿಯಿಂದಲೇ, ಅದರಲ್ಲಿ ಸತುವಿನ ಪುಡಿ ಇದೆ. ಅದಕ್ಕೇ ಮೇಲೊಂದು ಸ್ಟಿಕರ್ ಅಂಟಿಸಿರುತ್ತಾರೆ. ಸ್ಟಿಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಹೊರಗೇ ಬಿಟ್ಟು, ಗಾಳಿ ಒಳಗೆ ಹೋದ ಮೇಲೆ ಮಿಷನ್ನಿಗೆ ಹಾಕಿ. ಬಳಸುವ ದಿನದವರೆಗೂ ಸ್ಟಿಕರ್ ಕೀಳಬೇಡಿ.