ಊರಿನ ಬಾವುಟ ಓದೋದಕ್ಕಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಕೈಗೆ ಸಿಗುವ ಹಾಗೆ ಒಂದು ಕಾಗದ, ಪೆನ್ನು ಇದ್ದರೆ ತಗೊಳ್ಳಿ. ಒಂದೂವರೆ ಇಂಚು ಅಗಲ, ಒಂದು ಇಂಚು ಎತ್ತರದ ಚೌಕಟ್ಟು ಹಾಕಿ. ಈಗ ಕೈ ಪೂರ್ತಿ ಚಾಚಿ ಅದನ್ನು ನೋಡಿ. ಐದಡಿ ಅಗಲದ ಬಾವುಟ ನೂರಡಿ ಆಚೆ ಕಂಬದ ಮೇಲೆ ಹಾರುತ್ತಿದ್ದರೆ ನಿಮ್ಮ ಕಣ್ಣಿಗೆ ಕಾಣೋದು ಹೆಚ್ಚುಕಮ್ಮಿ ಇಷ್ಟೇ. ಇಷ್ಟು ಜಾಗದಲ್ಲಿ ಬಿಡಿಸೋಕೆ ಆಗದ್ದು ಬಾವುಟದ ಮೇಲೂ ಬೇಡ. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ ಮಾತು. ಬಾವುಟ ಓದೋದಕ್ಕಲ್ಲ, ದೂರದಿಂದ ಗುರುತು ಹಿಡಿಯೋದಕ್ಕೆ.

ನಮ್ಮಲ್ಲಿ ಪಾಲಿಕೆ, ನಗರಸಭೆಗೆ ಒಂದು ಲಾಂಛನ ಇರುತ್ತದೆ. ಲೆಟರ್‌ಹೆಡ್ ಮೇಲೆ, ಕಸದ ಲಾರಿಯ ಬಾಗಿಲ ಮೇಲೆ ಅದನ್ನು ನೋಡಿರುತ್ತೀರಿ. ಅಮೆರಿಕದಲ್ಲಿ, ಯುರೋಪಿನಲ್ಲಿ ಬಹಳಷ್ಟು ಊರುಗಳಿಗೆ ತಮ್ಮದೇ ಬಾವುಟವೂ ಇದೆ. ಅದರಲ್ಲಿ ಚೆನ್ನಾಗಿರೋದು ಕಡಿಮೆ. ಯಾಕೆ ಅಂತ ತಿಳಿಯೋಕೆ ಒಂದು ಊರಿನ ಕಥೆ ಹೇಳುತ್ತೇನೆ. ಇದು ನನಗೆ ಬಲು ಇಷ್ಟದ ಕಥೆ.

ಅಮೆರಿಕದ ಐಡಹೊ ರಾಜ್ಯದಲ್ಲಿ ಪೊಕಟೆಲೊ ಅಂತ ಒಂದು ಊರು. ರೈಲಿನಿಂದ ಬೆಳೆದ ಊರು, ಸುತ್ತ ಬೆಟ್ಟಗಳು. ಪ್ರಚಾರಕ್ಕೆ ಅಂತ ಮಾಡಿಸಿದ್ದ ಒಂದು ಲೋಗೋವನ್ನೇ ಬಿಳಿ ಬಟ್ಟೆಗೆ ಅಚ್ಚು ಹಾಕಿಸಿ ಅಲ್ಲಿಯವರು ಬಾವುಟ ಮಾಡಿಕೊಂಡರು. ಅದರ ಮೇಲೆ ಓರೆಯಾಗಿ ಇಂಗ್ಲಿಷ್ ಅಕ್ಷರದಲ್ಲಿ, ‘ನಾವು ಪೊಕಟೆಲೊದವರು, ನಮಗೆ ಹೆಮ್ಮೆ’ ಅನ್ನೋ ಅರ್ಥದ ಸಾಲು. ಜೊತೆಗೆ ಬೆಟ್ಟದ ಚಿತ್ರ. ಇಷ್ಟಕ್ಕೇ ನಿಂತಿದ್ದರೆ ಹೋಗಲಿ ಅನ್ನಬಹುದಿತ್ತು. ಕೆಳಗಡೆ ಸಣ್ಣಕ್ಷರದಲ್ಲಿ ಕಾಪಿರೈಟ್ ಸೂಚನೆ ಬೇರೆ! ಕಂಬದ ತುದಿಯಲ್ಲಿ ಹಾರುವ ಬಟ್ಟೆಯ ಮೇಲೆ ಕಾಪಿರೈಟ್. ಅದನ್ನು ಓದೋರು ಯಾರು, ಕಾಗೆಗಳೇ?

2004ರಲ್ಲಿ ಬಾವುಟಗಳನ್ನು ಅಭ್ಯಾಸ ಮಾಡುವ ಉತ್ತರ ಅಮೆರಿಕದ ಸಂಘವೊಂದು 150 ನಗರಗಳ ಬಾವುಟಕ್ಕೆ ಅಂಕ ಹಾಕಿಸಿತು. ಮೊದಲನೇ ಸ್ಥಾನ ವಾಷಿಂಗ್ಟನ್‌ಗೆ, ಎರಡನೆಯದು ಶಿಕಾಗೊಗೆ. ನೂರೈವತ್ತನೆಯದು ಪೊಕಟೆಲೊ. ಊರಿನವರು ಆಗ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ 2015ರಲ್ಲಿ ರೋಮನ್ ಮಾರ್ಸ್ ಅನ್ನೋರು, ಅವರೂ ರೇಡಿಯೊದವರೇ, ಟೆಡ್ ಅನ್ನೋ ಭಾಷಣಗಳ ವೇದಿಕೆಯ ಮೇಲೆ ಈ ಬಾವುಟ ತೋರಿಸಿ ಸಭೆಯನ್ನೆಲ್ಲ ನಗಿಸಿಬಿಟ್ಟರು. ಆ ಭಾಷಣವನ್ನು ಇಂಟರ್ನೆಟ್ಟಿನಲ್ಲಿ ಜಗತ್ತೇ ನೋಡಿತು. ಪೊಕಟೆಲೊದವರು ಮುನಿಸಿಕೊಂಡು ಕೂರಬಹುದಿತ್ತು, ಅಲ್ವಾ? ಕೂರಲಿಲ್ಲ. ಸಮಿತಿ ಮಾಡಿದರು, ಜನರಿಂದ ಚಿತ್ರ ತರಿಸಿಕೊಂಡರು, 2017ರಲ್ಲಿ ಹೊಸ ಬಾವುಟ ಒಪ್ಪಿಕೊಂಡರು. ನೀಲಿ ಬಟ್ಟೆ, ಅದರ ಮೇಲೆ ಮೂರು ಕೆಂಪು ಶಿಖರ. ಒಂದೇ ಒಂದು ಅಕ್ಷರ ಇಲ್ಲ. ನಿಮ್ಮ ಚೌಕಟ್ಟಿನಲ್ಲಿ ಆ ಶಿಖರಗಳನ್ನು ಬಿಡಿಸಿ ನೋಡಿ, ಸರಾಗವಾಗಿ ಹಿಡಿಸುತ್ತವೆ.

ಅಕ್ಷರ ಯಾಕೆ ಬೇಡ ಅನ್ನೋಕೆ ಇನ್ನೊಂದು ಕಾರಣ ಇದೆ. ಇದು ದರ್ಜಿಗಳಿಗೆ ಚೆನ್ನಾಗಿ ಗೊತ್ತು. ತೆಳು ಬಟ್ಟೆಯ ಮೇಲೆ ಬರೆದದ್ದು ಹಿಂದಿನಿಂದ ತಿರುಗುಮುರುಗಾಗಿ ಕಾಣುತ್ತದೆ. ಎರಡೂ ಕಡೆ ಸರಿಯಾಗಿ ಓದಿಸಬೇಕು ಅಂದರೆ ಎರಡು ಬಟ್ಟೆ ಸೇರಿಸಿ ಹೊಲಿಯಬೇಕು. ತೂಕ ಜಾಸ್ತಿಯಾಗುತ್ತದೆ. ಆಮೇಲೆ ಸಣ್ಣ ಗಾಳಿಗೆ ಅದು ಏಳೋದೇ ಇಲ್ಲ, ಕಂಬಕ್ಕೆ ಅಂಟಿಕೊಂಡು ಜೋತುಬೀಳುತ್ತದೆ. ನಮ್ಮ ತ್ರಿವರ್ಣ ಧ್ವಜದ ಮೇಲಂತೂ ಯಾವ ಅಕ್ಷರವನ್ನೂ ಬರೆಯಬಾರದು ಅಂತ ಧ್ವಜ ಸಂಹಿತೆಯೇ ಹೇಳುತ್ತದೆ. ಅಷ್ಟು ದೊಡ್ಡ ದೇಶದ ಬಾವುಟಕ್ಕೇ ಹೆಸರು ಬೇಡ, ಊರಿನದಕ್ಕೆ ಯಾಕೆ ಬೇಕು ಸ್ವಾಮಿ?

ಸೀಲಿನದೂ, ಅಂದರೆ ಊರಿನ ಅಧಿಕೃತ ಲಾಂಛನದ್ದೂ, ಇದೇ ಕಥೆ. ಸೀಲು ಕಾಗದಕ್ಕೆ ಸರಿ. ಅದನ್ನು ಹತ್ತಿರ ಹಿಡಿದು ನೋಡುತ್ತೇವೆ. ಮಿಲ್ವಾಕಿ ನಗರದ ಹಳೇ ಬಾವುಟದಲ್ಲಿ ಗೇರ್ ಚಕ್ರ, ಹಡಗು, ಚರ್ಚು, ತೆನೆ, ಕಾರ್ಖಾನೆ, 1846 ಅನ್ನೋ ಇಸವಿ, ಎಲ್ಲ ಇವೆ. ಮದುವೆ ಕರೆಯೋಲೆಯಲ್ಲಿ ಯಾರ ಹೆಸರನ್ನೂ ಬಿಡೋಕಾಗದೆ ತುಂಬಿಸಿದ ಹಾಗೆ. ದೂರದಿಂದ ನೋಡಿದರೆ ಬರೀ ಕಲೆ.

ಶಿಕಾಗೊ ಏನು ಮಾಡಿತು ನೋಡಿ. 1917ರಲ್ಲಿ ಒಪ್ಪಿದ ಬಾವುಟ, ವಾಲೇಸ್ ರೈಸ್ ಅವರ ವಿನ್ಯಾಸ. ಬಿಳಿ ಬಟ್ಟೆ, ಎರಡು ತಿಳಿನೀಲಿ ಪಟ್ಟೆ, ನಡುವೆ ಆರು ಮೊನೆಯ ಕೆಂಪು ನಕ್ಷತ್ರ. ನೀಲಿ ಅಂದರೆ ಅವರ ಸರೋವರ, ನದಿ, ಕಾಲುವೆ. ಮೊದಲು ನಕ್ಷತ್ರ ಎರಡೇ ಇದ್ದವು. 1933ರಲ್ಲಿ ಇನ್ನೊಂದು, 1939ರಲ್ಲಿ ಮತ್ತೊಂದು ಸೇರಿ ಈಗ ನಾಲ್ಕು. ಕಂಬದ ಕಡೆಯಿಂದ ಎರಡನೆಯದು 1871ರಲ್ಲಿ ಊರು ಸುಟ್ಟುಹೋದ ನೆನಪಿಗೆ. ಮೂರನೆಯದು 1893ರ ವಿಶ್ವ ಮೇಳಕ್ಕೆ. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಆ ಮೇಳದ ಜೊತೆಯಲ್ಲೇ ನಡೆದದ್ದು. ಅದರ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದರು. ಇಷ್ಟೆಲ್ಲ ಇತಿಹಾಸ ಇದ್ದರೂ ಬಾವುಟದ ಮೇಲೆ ಒಂದು ಅಕ್ಷರ ಬರೆದಿಲ್ಲ. ಕಥೆಯನ್ನು ಮೇಷ್ಟ್ರು ಹೇಳಲಿ. ಬಾವುಟ ಸುಮ್ನೆ ಗುರುತು ಸಿಕ್ಕರೆ ಸಾಕು. ಅಲ್ಲಿ ಜನ ಅದನ್ನು ಅಂಗಿ ಮೇಲೆ ಹಾಕಿಕೊಳ್ಳುತ್ತಾರೆ, ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಸೀಲು ಯಾರಾದರೂ ಹಚ್ಚೆ ಹಾಕಿಸಿಕೊಳ್ಳುತ್ತಾರಾ?

ಬಾವುಟ ಹಾರಿಸುವ ನಿಯಮಗಳ ಬಗ್ಗೆಯೂ ಮಾತಾಡಿ ಅಂತ ಈ ಕಾರ್ಯಕ್ರಮದವರು ಅಂದಿದ್ದರು. ನನ್ನ ಹೊತ್ತನ್ನು ಪೊಕಟೆಲೊ ತಿಂದುಹಾಕಿದೆ, ಹಾಗಾಗಿ ಬೇಗ ಬೇಗ ಹೇಳುತ್ತೇನೆ. ದೇಶದ ಬಾವುಟದ ಜೊತೆ ಊರಿನದು ಹಾರಿದರೆ ದೇಶದ್ದಕ್ಕೇ ಮೊದಲ ಮರ್ಯಾದೆ. ಅಮೆರಿಕದಲ್ಲಿ ಒಂದೇ ಹಗ್ಗಕ್ಕೆ ಎರಡನ್ನೂ ಕಟ್ಟಬಹುದು, ದೇಶದ್ದು ತುದಿಯಲ್ಲಿರಬೇಕು ಅಷ್ಟೇ. ನಮ್ಮಲ್ಲಿ ಹಾಗಿಲ್ಲ. ತ್ರಿವರ್ಣ ಧ್ವಜ ಹಾರುವ ಕಂಬಕ್ಕೆ ಬೇರೆ ಬಾವುಟ ಕಟ್ಟಲೇಬಾರದು, ಅದಕ್ಕಿಂತ ಎತ್ತರದಲ್ಲಿ ಬೇರೆ ಯಾವುದೂ ಹಾರಬಾರದು. ಬಾವುಟದಲ್ಲಿ ಮೊದಲು ಹರಿಯೋದು ಕಂಬದಿಂದ ದೂರದ ಅಂಚು, ಆಗಾಗ ಅದನ್ನು ನೋಡಿಕೊಳ್ಳಿ. ಇನ್ನು ಶೋಕದ ದಿನ ಅರ್ಧಕ್ಕೆ ಇಳಿಸುವಾಗ ನೇರವಾಗಿ ಅರ್ಧಕ್ಕೆ ಏರಿಸಿ ಕಟ್ಟಿಬಿಡಬೇಡಿ. ಮೊದಲು ತುದಿ ಮುಟ್ಟಿಸಿ, ಆಮೇಲೆ ಅರ್ಧಕ್ಕೆ ತನ್ನಿ. ಸಂಜೆ ಇಳಿಸುವಾಗಲೂ ಮತ್ತೆ ತುದಿಗೆ ಏರಿಸಿಯೇ ಇಳಿಸಬೇಕು.

ನಮಸ್ಕಾರ.