ಮೊದಲು ಟ್ರ್ಯಾಕ್, ಆಮೇಲೆ ರಸ್ತೆ

ಕೇಳುಗರಿಗೆಲ್ಲ ನಮಸ್ಕಾರ. ಪುಣೆ, ಪಿಂಪ್ರಿ, ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಿಂದ ನನಗೆ ಫೋನ್ ಬರುತ್ತಲೇ ಇರುತ್ತದೆ. "ಸರ್, ಮಗ ಸೈಕಲ್ ರೇಸಿಗೆ ಹೋಗ್ತೀನಿ ಅಂತಾನೆ, ಯಾವ ಸೈಕಲ್ ಕೊಡಿಸಲಿ?" ಸೈಕಲ್ ಮಾತು ಆಮೇಲೆ. ಮೊದಲು ಅವನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋಗಿ. ಮಗಳಾದರೂ ಅಷ್ಟೇ. ರಸ್ತೆ ಎಲ್ಲಿಗೂ ಓಡಿಹೋಗುವುದಿಲ್ಲ.

ಟ್ರ್ಯಾಕ್ ಅಂದರೆ ಬಾಣಲೆಯ ಹಾಗೆ ಅಂಚು ಎದ್ದಿರುವ ದಾರಿ. ಒಲಿಂಪಿಕ್ಸ್‌ನಲ್ಲಿ ಒಂದು ಸುತ್ತು 250 ಮೀಟರ್, ಮರದ ನೆಲ. ನಮ್ಮ ಪುಣೆಯ ಬಾಲೇವಾಡಿಯಲ್ಲೂ ಒಂದಿದೆ, ಸಿಮೆಂಟಿನದು, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ್ದು. ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ. ಗೇರ್ ಒಂದೇ. ಫ್ರೀವೀಲ್ ಇಲ್ಲವೇ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತದೆ.

ಇದು ನನಗೆ ಹೇಗೆ ಅರ್ಥವಾಯಿತು ಅಂತ ಹೇಳಲೇಬೇಕು. ನಾನು ವಿಜಯಪುರದ ಕಡೆಯವನು. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ತುಳಿದು ಬೆಳೆದವನು. ಕಾಲಲ್ಲಿ ಬಲಕ್ಕೇನೂ ಕಮ್ಮಿ ಇರಲಿಲ್ಲ. ಬಾಲೇವಾಡಿಯಲ್ಲಿ ಮೊದಲ ದಿನ ನಾಲ್ಕು ಸುತ್ತು ಜೋರಾಗಿ ಹೊಡೆದೆ. ಉಸಿರು ತಗೊಳ್ಳೋಣ ಅಂತ, ಊರಲ್ಲಿ ಮಾಡುತ್ತಿದ್ದ ಹಾಗೆ, ಕಾಲು ನಿಲ್ಲಿಸಿದೆ. ಪೆಡಲ್ ನಿಲ್ಲಲಿಲ್ಲ. ನನ್ನ ಕಾಲನ್ನು ಎತ್ತಿ, ನನ್ನನ್ನೂ ಎತ್ತಿ ಒಗೆಯಿತು. ಮೊಣಕೈಯಿಂದ ಭುಜದವರೆಗೆ ಚರ್ಮ ಸಿಮೆಂಟಿಗೆ ಅಂಟಿಕೊಂಡು ಉಳಿಯಿತು. ಕೋಚ್ ಓಡಿ ಬಂದು ಗಾಯ ತೊಳೆದರು. ಆಮೇಲೆ ಮರಾಠಿಯಲ್ಲಿ ಒಂದೇ ಮಾತು: "ಪಾಯ್ ಥಾಂಬವೂ ನಕೋಸ್." ಕಾಲು ನಿಲ್ಲಿಸಬೇಡ. ಅದೇ ಸಂಜೆ ಮತ್ತೆ ಹತ್ತಿಸಿದರು.

ಎರಡು ವರ್ಷ ಅದೇ ಟ್ರ್ಯಾಕ್, ಅದೇ ಮಾತು. ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸುತ್ತು ಪೆಡಲ್ ತಿರುಗಬೇಕು, ಸೀಟಿನ ಮೇಲೆ ಮೈ ಕುಪ್ಪಳಿಸಬಾರದು. ಬರೀ ಕೆಳಗೆ ಒತ್ತುವ ಕಾಲು ಅಲ್ಲಿ ನಡೆಯುವುದಿಲ್ಲ. ಮುಂದೆ ತಳ್ಳಬೇಕು, ಹಿಂದೆ ಎಳೆಯಬೇಕು, ಗಿರಣಿ ಕಲ್ಲಿನ ಹಾಗೆ ಒಂದೇ ಸಮ ತಿರುಗಬೇಕು.

ಆಮೇಲೆ ಮುಂಬಯಿ-ಪುಣೆ ರೇಸಿಗೆ ಬಂದೆ. ಖೋಪೋಲಿ ದಾಟಿದರೆ ಬೋರ್ ಘಾಟ್. ಅದನ್ನು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಅನ್ನುವ ಬಿರುದು. ಶಿಂಗ್ರೋಬಾ ಗುಡಿಯ ಹತ್ತಿರ ನನಗಿಂತ ಗಟ್ಟಿಮುಟ್ಟಾದ ಹುಡುಗರು ಪೆಡಲ್ ಮೇಲೆ ಎದ್ದು ನಿಂತು, ಹ್ಯಾಂಡಲ್ ಹಿಡಿದು ಜಗ್ಗಾಡುತ್ತಿದ್ದರು. ನಾನು ಕೂತೇ ಇದ್ದೆ. ಸಣ್ಣ ಗೇರ್, ಗುಂಡಗೆ ತಿರುಗುವ ಕಾಲು. ಒಬ್ಬೊಬ್ಬರೇ ಹಿಂದೆ ಉಳಿದರು. ರಾಜ ನಾನಾಗಲಿಲ್ಲ. ಆದರೆ ಖಂಡಾಲಾ ತಲುಪಿದಾಗ ನನ್ನ ಕಾಲಲ್ಲಿ ಇನ್ನೂ ಕಸುವಿತ್ತು. ಅದು ಬಾಲೇವಾಡಿ ಕೊಟ್ಟಿದ್ದು.

ದೊಡ್ಡವರನ್ನೇ ನೋಡಿ. ನೆದರ್ಲೆಂಡ್ಸ್‌ನ ಮರಿಯಾನ್ ವೋಸ್ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಟ್ರ್ಯಾಕ್‌ನಲ್ಲಿ. 2012ರಲ್ಲಿ ಲಂಡನ್‌ನ ಮಳೆಯಲ್ಲಿ ಗೆದ್ದದ್ದು ರಸ್ತೆಯಲ್ಲಿ. ಬ್ರಿಟನ್ನಿನ ಬ್ರಾಡ್ಲಿ ವಿಗಿನ್ಸ್ 2004ರಲ್ಲಿ, 2008ರಲ್ಲಿ ಟ್ರ್ಯಾಕ್ ಚಿನ್ನ ಗೆದ್ದ ಮೇಲೆಯೇ 2012ರಲ್ಲಿ ಟೂರ್ ಡಿ ಫ್ರಾನ್ಸ್ ಅನ್ನುವ ದೊಡ್ಡ ರಸ್ತೆ ರೇಸ್ ಗೆದ್ದರು. ಮೊದಲು ಟ್ರ್ಯಾಕ್, ಆಮೇಲೆ ರಸ್ತೆ. ನಾನು ಹೇಳುತ್ತಿರುವುದೂ ಅದೇ ಅಲ್ವಾ?

ಹೊಟ್ಟೆಪಾಡಿನ ಬಗ್ಗೆ ಹೇಳುವುದು ಬೇಕಾದಷ್ಟಿತ್ತು, ಸಮಯ ಮುಗಿಯುತ್ತಾ ಬಂತು. ಯುರೋಪಿನಲ್ಲಿ ತಂಡ ಸಂಬಳ ಕೊಡುತ್ತದೆ. ಟೂರ್‌ನಲ್ಲಿ ಒಂದು ತಂಡಕ್ಕೆ ಎಂಟು ಜನ. ಬಹಳಷ್ಟು ಜನರ ಕೆಲಸ ನಾಯಕನಿಗೆ ಗಾಳಿ ತಡೆಯುವುದು, ನೀರಿನ ಬಾಟಲಿ ತಂದುಕೊಡುವುದು. ಅದು ಕೀಳು ಕೆಲಸ ಅಲ್ಲ, ಅದಕ್ಕೇ ಅವರಿಗೆ ಸಂಬಳ. ನಮ್ಮಲ್ಲಿ ರೈಲ್ವೆ, ಸೇನೆಯ ಕ್ರೀಡಾ ಕೋಟಾದ ನೌಕರಿಯೇ ಹೆಚ್ಚಿನವರಿಗೆ ಆಸರೆ. ಅದು ಸಿಗಬೇಕಾದರೆ ಪದಕ ಬೇಕು. ಟ್ರ್ಯಾಕ್‌ನಲ್ಲಿ ಸ್ಪ್ರಿಂಟ್, ಪರ್ಸ್ಯೂಟ್, ಪಾಯಿಂಟ್ಸ್ ರೇಸ್ ಅಂತ ಸ್ಪರ್ಧೆಗಳೇ ಜಾಸ್ತಿ, ಅವಕಾಶವೂ ಜಾಸ್ತಿ.

ಮೂರು ಲಕ್ಷದ ಸೈಕಲ್‌ಗೆ ಸಾಲ ಮಾಡಬೇಡಿ, ದಯವಿಟ್ಟು. ಈ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಬಾಲೇವಾಡಿಗೆ ಬನ್ನಿ. ಹೆಲ್ಮೆಟ್ ಇರಲಿ, ಶೂ ಲೇಸು ಬಿಗಿಯಾಗಿ ಒಳಗೆ ಸೇರಿಸಿರಲಿ. ತಿರುಗುವ ಪೆಡಲಿಗೆ ಲೇಸು ಸಿಕ್ಕಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ನಮಸ್ಕಾರ.