ಕುಂಡದ ಮಣ್ಣು ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ಬಿಟ್ಟು ಮಣ್ಣಿನ ಮಾತು ಕೇಳೋಕೆ ಬಂದಿದ್ದೀರಿ. ದಾವಣಗೆರೆಯಲ್ಲಿ ಇದೇನು ಸಣ್ಣ ತ್ಯಾಗ ಅಲ್ಲ.

ಮೊದಲು ಒಂದು ಕೆಲಸ ಮಾಡಿಬಿಡುತ್ತೇನೆ. ಮೇಜಿನ ಮೇಲೆ ಎರಡು ಬಾಟಲಿ ಇವೆ. ಎರಡರಲ್ಲೂ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆಯಷ್ಟು ಸೋಪಿನ ಪುಡಿ. ಈಗ ಚೆನ್ನಾಗಿ ಕುಲುಕಿ ಇಡುತ್ತೇನೆ. ಆಯ್ತು. ಸದ್ಯಕ್ಕೆ ಎರಡೂ ಕೆಂಪು ನೀರೇ, ಏನೂ ಗೊತ್ತಾಗಲ್ಲ. ಅಲ್ಲೇ ಇರಲಿ, ಯಾರೂ ಅಲ್ಲಾಡಿಸಬೇಡಿ.

ನಾಲ್ಕು ವರ್ಷದ ಹಿಂದೆ ತಾರಸಿಯಲ್ಲಿ ನಲವತ್ತು ಕುಂಡ ಇಡೋಣ ಅಂತ ಹೊರಟೆ. ಟ್ರ್ಯಾಕ್ಟರಿನವರಿಗೆ ಹೇಳಿದೆ. 'ಚಿನ್ನದಂಥ ಮಣ್ಣು ಐತ್ರಿ ಅಕ್ಕ, ಒಂದು ಕಲ್ಲು ಸಿಗಂಗಿಲ್ಲ' ಅಂದರು. ಮನೆ ಮುಂದೆ ಸುರಿದಾಗ ನೋಡಿದರೆ ಕುಂಕುಮದ ಬಣ್ಣ. ಖುಷಿಯಿಂದ ಬುಟ್ಟಿಯಲ್ಲಿ ಹೊತ್ತು ಮೇಲೇರಿಸಿದೆವು. ಗುಲಾಬಿ, ಮಲ್ಲಿಗೆ, ಮೆಣಸಿನಕಾಯಿ ಎಲ್ಲ ನೆಟ್ಟಾಯ್ತು. ಹದಿನೈದು ದಿನ ನೀರು ಹಾಕಿದ್ದಕ್ಕೆ ಮೇಲ್ಮೈ ಗಾರೆ ನೆಲದ ಹಾಗೆ ಗಟ್ಟಿಯಾಯಿತು. ಹಾಕಿದ ನೀರು ಅಂಚಿನಲ್ಲಿ ಕೆರೆಯ ಹಾಗೆ ನಿಲ್ಲುತ್ತಿತ್ತು. ಎರಡು ತಿಂಗಳಾದ ಮೇಲೆ ಬಾಡಿದ ಒಂದು ಮೆಣಸಿನ ಗಿಡ ಕಿತ್ತೆ. ಬೇರು ನರ್ಸರಿಯ ಕವರಿನ ಆಕಾರದಲ್ಲೇ ಹೊರಗೆ ಬಂತು. ಕವರ್ ಎಲ್ಲಿಗೆ ಮುಗಿದಿತ್ತೋ ಬೇರೂ ಅಲ್ಲಿಗೇ ಮುಗಿದಿತ್ತು. ಒಂದು ಎಳೆಯೂ ನನ್ನ ಚಿನ್ನದ ಮಣ್ಣಿನೊಳಗೆ ಕಾಲಿಟ್ಟಿರಲಿಲ್ಲ.

ಆಮೇಲೆ ವಿಚಾರಿಸಿದರೆ ಅದು ಪಾಯ ಅಗೆದ ಮಣ್ಣು. ಎಂಟಡಿ ಆಳದ್ದು. ಅಲ್ಲಿ ಎಲೆ ಬಿದ್ದಿಲ್ಲ, ಬೇರು ಹೋಗಿಲ್ಲ, ಎರೆಹುಳು ಓಡಾಡಿಲ್ಲ. ಗಿಡಕ್ಕೆ ಬೇಕಾದ ಜೀವ ಹೆಚ್ಚಾಗಿ ಇರುವುದು ನೆಲದ ಮೇಲಿನ ಆರೇಳು ಇಂಚಿನಲ್ಲಿ. ಟ್ರ್ಯಾಕ್ಟರಿನವರು ಸುಳ್ಳು ಹೇಳಲಿಲ್ಲ, ಕಲ್ಲು ನಿಜಕ್ಕೂ ಇರಲಿಲ್ಲ. ಎಲ್ಲಿಯದು, ಎಷ್ಟು ಆಳದ್ದು ಅಂತ ನಾನೇ ಕೇಳಲಿಲ್ಲ.

ಆ ಸಿಟ್ಟಿಗೆ ಆನ್‌ಲೈನಿನಲ್ಲಿ ಪಾಟಿಂಗ್ ಮಿಕ್ಸ್ ತರಿಸಿದೆ. ಚೀಲದ ಮೇಲೆ ಕಪ್ಪು ಮಣ್ಣು ಹಿಡಿದ ಕೈಯ ಚಿತ್ರ. ಒಳಗೆ ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ, ಅದೇ ಕೋಕೋಪೀಟ್. ಮೊದಲ ಆರು ತಿಂಗಳು ಚೆನ್ನಾಗಿಯೇ ಇತ್ತು, ಇಲ್ಲ ಅನ್ನಲ್ಲ. ವರ್ಷ ಕಳೆಯುವಷ್ಟರಲ್ಲಿ ಅದು ಕೊಳೆತು ಕುಸಿದು ಕುಂಡ ಅರ್ಧ ಖಾಲಿ. ಆಷಾಢದ ಗಾಳಿ ಬಂತು ನೋಡಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ನಮ್ಮ ಸೀಮೆಯ ಗಾಳಿ ಅಂಥದ್ದು. ನನ್ನ ಹಗುರ ಕುಂಡಗಳು ಒಂದರ ಮೇಲೊಂದು ಉರುಳಿಬಿದ್ದವು. ಕೋಕೋಪೀಟ್ ಕೆಟ್ಟದ್ದಲ್ಲ. ಎರಡು ತಿಂಗಳ ಸೊಪ್ಪಿಗೆ, ಸಸಿ ಟ್ರೇಗೆ ಒಳ್ಳೆಯದು. ಆದರೆ ಐದು ವರ್ಷ ಒಂದೇ ಕುಂಡದಲ್ಲಿ ಬಾಳಬೇಕಾದ ನಿಂಬೆ, ದಾಸವಾಳ, ಕರಿಬೇವಿಗೆ ಕಾಲೂರಲು ಮಣ್ಣೇ ಬೇಕು.

ಎಂಥ ಮಣ್ಣು? ನಮ್ಮ ಭಾಷೆಯಲ್ಲೇ ಅದಕ್ಕೆ ಹೆಸರಿದೆ: ಗೋಡು ಮಣ್ಣು. ಮರಳು, ಅದಕ್ಕಿಂತ ನುಣುಪಾದ ರೇವೆ, ಎಲ್ಲಕ್ಕಿಂತ ಸಣ್ಣ ಜೇಡಿ, ಈ ಮೂರೂ ಹದವಾಗಿ ಬೆರೆತದ್ದು. ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 40 ಪಾಲು ಮರಳು, 40 ಪಾಲು ರೇವೆ, 20 ಪಾಲು ಜೇಡಿ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಗೊಬ್ಬರದ ಸಾರ ಹಿಡಿದಿಡುವುದು ಮುಖ್ಯವಾಗಿ ಅದೇ. ಆದರೆ ಅದು ಜಾಸ್ತಿಯಾದರೆ ಬೇರಿಗೆ ಉಸಿರು ಕಟ್ಟುತ್ತದೆ.

ನಮ್ಮ ಕಪ್ಪು ಎರೆ ಮಣ್ಣು ಹಾಗೆಯೇ. ಹೊಲದಲ್ಲಿ ಹತ್ತಿಗೆ ಬಂಗಾರ. ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂದದ್ದೇ ಹತ್ತಿ ಗಿರಣಿಗಳಿಂದ. ಅದನ್ನೇ ಕುಂಡಕ್ಕೆ ತುಂಬಿ ನೋಡಿ. ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಂಡದ ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಸಂದು. ನೀರು ಹಾಕಿದರೆ ಆ ಸಂದಿಯಲ್ಲಿ ಇಳಿದು ಕೆಳಗೆ ಹರಿದು ಹೋಗುತ್ತದೆ. ತಟ್ಟೆ ತುಂಬಿತು ಅಂತ ನಮಗೆ ಸಮಾಧಾನ, ಗಿಡಕ್ಕೆ ಬಾಯಾರಿಕೆ.

ಕುಂಡದ ಮಣ್ಣನ್ನು ಮೊದಲಿಗೆ ಶಿಸ್ತಾಗಿ ಪರೀಕ್ಷೆ ಮಾಡಿ ನೋಡಿದವರಲ್ಲಿ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯವರು ಮುಖ್ಯರು. 1910ರಲ್ಲಿ ಲಂಡನ್ ಹತ್ತಿರದ ಮರ್ಟನ್‌ನಲ್ಲಿ ಶುರುವಾದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದು. 1930ರ ದಶಕದಲ್ಲಿ ಅಲ್ಲಿ ಪ್ರಿಮುಲಾ ಹೂವಿನ ಸಸಿಗಳು ರಾಶಿ ರಾಶಿ ಸತ್ತವು. ಆಗೆಲ್ಲ ಒಬ್ಬೊಬ್ಬ ತೋಟಗಾರನದೂ ಒಂದೊಂದು ಮಣ್ಣಿನ ಗುಟ್ಟು, ಗಿಡಕ್ಕೊಂದು ಮಿಶ್ರಣ. ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ ಇಬ್ಬರೂ ಕೂತು ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಕೊನೆಗೆ ಉಳಿದದ್ದು ಸರಳ ಅಳತೆ: 7 ಪಾಲು ಗೋಡು ಮಣ್ಣು, 3 ಪಾಲು ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಗಿಡಗಳ ಪುಡಿ), 2 ಪಾಲು ದಪ್ಪ ಮರಳು, ಸ್ವಲ್ಪ ಗೊಬ್ಬರ, ಸ್ವಲ್ಪ ಸುಣ್ಣ. ಮಣ್ಣನ್ನು ಮಾತ್ರ ಹಬೆಯಲ್ಲಿ ಬಿಸಿ ಮಾಡಿ ರೋಗ ಕಳೆಯಬೇಕು. ನನಗೆ ಇಷ್ಟವಾದ ವಿಷಯ ಏನೆಂದರೆ, ಅವರು ಇದನ್ನು ಚೀಲ ಕಟ್ಟಿ ಮಾರಲಿಲ್ಲ. ಅಳತೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇವತ್ತಿಗೂ ಅಲ್ಲಿನ ಅಂಗಡಿಗಳಲ್ಲಿ ಆ ಹೆಸರಿನ ಚೀಲ ಸಿಗುತ್ತದೆ. ಮಾಡುವವರು ಬೇರೆ ಬೇರೆ ಕಂಪನಿಯವರು, ಹಾಗಾಗಿ ಚೀಲದಿಂದ ಚೀಲಕ್ಕೆ ಗುಣ ಬೇರೆ. ಒಳ್ಳೆಯದು ಯಾವುದು ಅಂತ ಅಲ್ಲಿನವರೂ ಹುಡುಕುತ್ತಾರೆ.

ಅವರ ಅಳತೆಯನ್ನು ಇಲ್ಲಿ ಹಾಗೇ ನಕಲು ಮಾಡಬೇಡಿ. ಪೀಟ್ ಹುಳಿ ಸ್ವಭಾವದ್ದು, ಅದಕ್ಕೆ ಅವರು ಸುಣ್ಣ ಸೇರಿಸುತ್ತಾರೆ. ನಮ್ಮ ಕಡೆ ಎಷ್ಟೋ ಹೊಲದಲ್ಲಿ, ಬೋರ್‌ವೆಲ್ ನೀರಿನಲ್ಲಿ ಸುಣ್ಣ ಮೊದಲೇ ತುಂಬಿದೆ. ಇನ್ನಷ್ಟು ಹಾಕಿದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಚಿಗುರು ಬೆಳ್ಳಗಾಗುತ್ತದೆ, ನರ ಮಾತ್ರ ಹಸಿರು. ಮನೆಯಲ್ಲೇ ನೋಡಬಹುದು. ಒಣ ಮಣ್ಣಿಗೆ ನಾಲ್ಕು ಹನಿ ವಿನೆಗರ್ ಬಿಡಿ. ಸೋಡಾದ ಹಾಗೆ ಬುಸ್ ಎಂದರೆ ಸುಣ್ಣ ಇದೆ ಅಂತ. ಆ ಮಣ್ಣು ಮಲ್ಲಿಗೆ, ನಿಂಬೆಗೆ ಬೇಡ.

ಹಾಗಾದರೆ ಗೋಡು ಮಣ್ಣು ಎಲ್ಲಿ ಸಿಗುತ್ತದೆ? ಇದಕ್ಕೆ ನಮ್ಮ ಹಳ್ಳಿಯವರ ಹತ್ತಿರ ಉತ್ತರ ಇತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಯಲ್ಲಿ ಕೆರೆ ಗೋಡು, ಅಂದರೆ ಕೆರೆಯ ಹೂಳು, ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಎಲ್ಲ ಹೊಲಕ್ಕೂ ಅಲ್ಲ. ಹೊಸದುರ್ಗ, ಹೊಳಲ್ಕೆರೆ ಕಡೆಯ ಮರಳು ಮಿಶ್ರಿತ ಕೆಂಪು ಮಸಾರಿ ಹೊಲಕ್ಕೆ. ಅಲ್ಲಿ ಮರಳು ಜಾಸ್ತಿ, ಕೆರೆಯ ಹೂಳಿನಲ್ಲಿ ಜೇಡಿ, ರೇವೆ ಜಾಸ್ತಿ. ಎರಡೂ ಸೇರಿದರೆ ಹದ. ಅಂದರೆ ಸಿದ್ಧ ಗೋಡು ಮಣ್ಣು ಸಿಗದಿದ್ದಾಗ ಮಾಡಿಕೊಳ್ಳುತ್ತಿದ್ದರು. ನಾನು ಈಗ ಮಾಡುವುದೂ ಅದನ್ನೇ. ಎರಡು ಪಾಲು ಮಸಾರಿ ಮೇಲ್ಮಣ್ಣು, ಒಂದು ಪಾಲು ಕೆರೆ ಗೋಡು. ಕೆರೆ ಗೋಡನ್ನು ಒಂದು ಬೇಸಿಗೆ ಬಿಸಿಲಿಗೆ ಒಣಗಿಸಿ, ಹೆಂಟೆ ಒಡೆದು, ಜರಡಿ ಹಿಡಿಯಬೇಕು. ನೀವೇ ಹೋಗಿ ಕೆರೆ ಅಗೆಯಬೇಡಿ ಮತ್ತೆ. ಊರಿನಲ್ಲಿ ಹೂಳೆತ್ತುವಾಗ ಪಂಚಾಯಿತಿಯವರನ್ನು ಕೇಳಿ ನಾಲ್ಕು ಚೀಲ ತನ್ನಿ. ನಗರದ ಚರಂಡಿ ನೀರು ಸೇರುವ ಕೆರೆಯದ್ದಂತೂ ಬೇಡವೇ ಬೇಡ.

ಇನ್ನೊಂದು ದಾರಿ ಹೊಲದ ಬದು. ಪರಿಚಯದ ರೈತರಿದ್ದರೆ ಗರಿಕೆ ಬೆಳೆದ ಬದುವಿನ ಮೇಲ್ಮಣ್ಣನ್ನು ಹುಲ್ಲಿನ ಸಮೇತ ನಾಲ್ಕು ಬುಟ್ಟಿ ಕೇಳಿ. ಇಂಗ್ಲೆಂಡಿನವರೂ ಹುಲ್ಲುಗಾವಲಿನ ಮಣ್ಣನ್ನು ಹೀಗೇ ಹೆಂಟೆ ಹೆಂಟೆಯಾಗಿ ಕಿತ್ತು, ಹುಲ್ಲು ಕೆಳಮುಖ ಮಾಡಿ ಪೇರಿಸಿ, ಆರು ತಿಂಗಳಿಂದ ವರ್ಷ ಕೊಳೆಯಲು ಬಿಡುತ್ತಾರೆ. ಬೇರೆಲ್ಲ ಕೊಳೆತು ಮಣ್ಣಿಗೆ ನಾರಿನಂಥ ಗುಣ ಬರುತ್ತದೆ. ನಾನೂ ಪೇರಿಸಿದೆ. ಮೊದಲ ಮಳೆಗೇ ಎಲ್ಲ ಕಡೆಯಿಂದ ಗರಿಕೆ ಚಿಗುರಿ ನಿಂತಿತು. ಗಣಪತಿ ಹಬ್ಬಕ್ಕೆ ಇಡೀ ಬೀದಿಗೆ ಹಂಚಿದೆ. ಎರಡನೇ ಸಲ ಕಪ್ಪು ಟಾರ್ಪಾಲ್ ಹೊದಿಸಿ ಮುಚ್ಚಿದ ಮೇಲೆ ಸರಿಹೋಯ್ತು.

ಮಣ್ಣು ಕೊಳ್ಳುವಾಗ ಕೈ ಒದ್ದೆ ಮಾಡಿಕೊಳ್ಳಿ. ಒಂದು ಮುಷ್ಟಿ ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಉಂಡೆಯನ್ನು ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಒತ್ತುತ್ತಾ ಪಟ್ಟಿ ತೆಗೆಯಿರಿ. ಪಟ್ಟಿಯೇ ಬರದೆ ಉದುರಿದರೆ ಮರಳು. ಎರಡು ಇಂಚು ದಾಟಿ ಜೋತುಬಿದ್ದರೆ ಜೇಡಿ. ಒಂದು ಇಂಚಿನ ಹತ್ತಿರ ಮುರಿದು ಬಿದ್ದರೆ ತಗೊಳ್ಳಿ. ಮೂಸಿಯೂ ನೋಡಿ. ಮೊದಲ ಮಳೆಯ ವಾಸನೆ ಬಂದರೆ ಅದರಲ್ಲಿ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ನನ್ನ ಪಾಯದ ಮಣ್ಣಿಗೆ ವಾಸನೆಯೇ ಇರಲಿಲ್ಲ. ಜಾಸ್ತಿ ಮಣ್ಣು ತರುವವರು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲೋ ವಿಚಾರಿಸಿ, ಪರೀಕ್ಷೆ ಮಾಡಿಸುವುದು ವಾಸಿ. ವರದಿಯಲ್ಲಿ ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ ಅಂತ ಲೆಕ್ಕ.

ಹಬೆ ಹಾಯಿಸುವ ಕೆಲಸ ನಮಗೆ ಬೇಕಿಲ್ಲ. ಏಪ್ರಿಲ್ ಬಿಸಿಲು ಪುಕ್ಕಟೆ ಇದೆ. ಮಣ್ಣನ್ನು ತೇವ ಮಾಡಿ, ಆರಿಂಚು ದಪ್ಪ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಇಟ್ಟಿಗೆ ಇಡಿ. ನಾಲ್ಕರಿಂದ ಆರು ವಾರ. ಬಾಣಲೆಯಲ್ಲಿ ಹುರಿಯಬೇಡಿ, ಅತಿಯಾದ ಬಿಸಿ ಮಣ್ಣನ್ನು ವಿಷ ಮಾಡುತ್ತದೆ.

ಆಮೇಲೆ ನನ್ನ ಅಳತೆ. ಬುಟ್ಟಿ ಲೆಕ್ಕದಲ್ಲಿ ಏಳು ಪಾಲು ಗೋಡು ಮಣ್ಣು. ಪೀಟ್ ಬದಲಿಗೆ ಮೂರು ಪಾಲು, ಅದರಲ್ಲಿ ಅರ್ಧ ಹಳೆಯ ತಿಪ್ಪೆ ಗೊಬ್ಬರ, ಇನ್ನರ್ಧ ಎರಡು ಮೂರು ನೀರಿನಲ್ಲಿ ತೊಳೆದ ನಾರಿನ ಪುಡಿ. ತೊಳೆಯದಿದ್ದರೆ ಅದರ ಉಪ್ಪು ಬೇರು ಸುಡುತ್ತದೆ. ಎರಡು ಪಾಲು ದಪ್ಪ ಮರಳು, ಎಂ-ಸ್ಯಾಂಡ್ ಆದರೆ ಧೂಳು ತೊಳೆದು. ಕುಂಡಕ್ಕೊಂದು ಮುಷ್ಟಿ ಬೇವಿನ ಹಿಂಡಿ. ಗೊಬ್ಬರ ಹಸಿಯಿದ್ದರೆ ಗೊಣ್ಣೆಹುಳು ಗ್ಯಾರಂಟಿ. ಮಂಡಕ್ಕಿ ಭಟ್ಟಿಯ ಬೂದಿ ಹಾಕಬಹುದಾ ಅಂತ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಕಪ್ಪಗೆ ಸುಟ್ಟ ಭತ್ತದ ಹೊಟ್ಟು ಸ್ವಲ್ಪ ಹಾಕಿ, ಮಣ್ಣು ಹಗುರಾಗುತ್ತದೆ. ಬಿಳಿ ಬೂದಿ ಕ್ಷಾರ, ಬೇಡ. ಹೊಟ್ಟಿನ ಜೊತೆ ಬೇರೇನು ಉರಿಸಿದ್ದಾರೆ ಅಂತಲೂ ಕೇಳಿಕೊಳ್ಳಿ. ಹನ್ನೆರಡು ಇಂಚಿನ ಕುಂಡ ಒದ್ದೆಯಾದಾಗ ಇಪ್ಪತ್ತು ಕಿಲೋ ದಾಟುತ್ತದೆ. ಹಾಗಾಗಿ ತಾರಸಿಯ ನಡುವೆ ಬೇಡ, ತೊಲೆ, ಗೋಡೆಯ ಮೇಲೆ ಬರುವ ಹಾಗೆ ಇಡಿ.

ಈಗ ಬಾಟಲಿ ನೋಡೋಣ. ಮುಂದಿನ ಸಾಲಿನವರು ಹತ್ತಿರ ಬನ್ನಿ. ಎಡಗಡೆಯದು ಬದುವಿನ ಮಣ್ಣು. ಕೆಳಗೆ ಮರಳಿನ ಪದರ, ಅದರ ಮೇಲೆ ರೇವೆ ಕೂರುತ್ತಾ ಇದೆ, ತೇಲುತ್ತಿರುವ ಕಪ್ಪು ಚೂರುಗಳು ಕೊಳೆತ ಬೇರು. ಬಲಗಡೆಯದು ನನ್ನ ಪಾಯದ ಮಣ್ಣು, ನೆನಪಿಗೆ ಅಂತ ಒಂದು ಡಬ್ಬಿ ಇಟ್ಟುಕೊಂಡಿದ್ದೇನೆ. ತಳದಲ್ಲಿ ಚೂರೇ ಚೂರು ಮರಳು, ಮೇಲೆಲ್ಲ ಇನ್ನೂ ಕೆಂಪು ನೀರು. ಏನೂ ತೇಲುತ್ತಿಲ್ಲ. ಆ ಜೇಡಿ ಕೂರಲು ನಾಳೆಯಾದರೂ ಆಗಬೇಕು. ಯಾರಾದರೂ ಮನೆಗೆ ಒಯ್ದು ನಾಳೆ ಸ್ಕೇಲ್ ಇಟ್ಟು ಅಳೆದು ನನಗೆ ಹೇಳಿ. ಮುಚ್ಚಳ ಸ್ವಲ್ಪ ಸಡಿಲ ಇದೆ, ಸ್ಕೂಟರಿನಲ್ಲಿ ಹೋಗುವವರು ನೆಟ್ಟಗೆ ಹಿಡಿದುಕೊಳ್ಳಿ.